ಎಂಟು ಬಿಟ್ ಸಾಕು

…ಹೋಗಿಬಿಟ್ಟಿದೆ ಅಂತ ಹೇಳ್ತಿರೋದು ಅದಕ್ಕೇ. ನೂರಾ ನಲವತ್ತೇಳನೇ ಬೂದು. ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆವರೆಗೂ ಇತ್ತು, ಕಣ್ಣಾರೆ ನೋಡಿದ್ದೀನಿ. ಹನ್ನೊಂದೂ ಹತ್ತಕ್ಕೆ ಇಲ್ಲ. ಅಕ್ಕಪಕ್ಕದವು ಕ್ಷೇಮ, ನೂರಾ ನಲವತ್ತಾರು ಇದೆ, ನೂರಾ ನಲವತ್ತೆಂಟೂ ಇದೆ. ಮಧ್ಯದ್ದು ಮಾತ್ರ... ಸ್ವಲ್ಪ ಆ ಕಡೆ ಕೂತ್ಕೋಮ್ಮ, ನಿನ್ನ ಹಳದಿ ಬಟ್ಟೆ ಪರದೆ ಮೇಲೆ ಬೀಳ್ತಿದೆ. ಇನ್ನೂ ಆ ಕಡೆ. ಹಾಂ. ಈ ಕೋಣೆಗೆ ಯಾರೂ ಬಣ್ಣ ಹಾಕ್ಕೊಂಡು ಬರಬಾರದು ಅಂತ ನಾನೇ ಮಾಡಿದ ನಿಯಮ. ಗೋಡೆ ಬೂದು, ನನ್ನ ಕೋಟು ಬೂದು, ನೋಡು, ಬಾಗಿಲೂ ಬೂದು. ಈಗೀಗ ನೀವೂ ಹಾಗೇ ಆಗ್ತಿದ್ದೀರಿ ಅಂತಾಳೆ ನಿನ್ನ ಅಕ್ಕ.

ಯಾಕೆ ನಗ್ತೀಯ? ಒಂದು ಬಣ್ಣ ಸತ್ತಿದೆ.

ನಗಲಿಲ್ಲವಾ. ಸರಿ, ನನಗೆ ಹಾಗೆ ಕಾಣಿಸ್ತು. ಎಲ್ಲರೂ ಊಟಕ್ಕೆ ಹೋಗಿದ್ದಾರೆ. ಎರಡು ಗಂಟೆಗೆ ಕೆಳಗೆ ಯಂತ್ರ ಶುರುವಾಗುತ್ತೆ, ಅಲ್ಲೀವರೆಗೆ ಮಾತಾಡಬಹುದು. ಆಮೇಲೆ ಈ ಮೇಜು ನಡುಗೋಕೆ ಹತ್ತುತ್ತೆ, ಗಂಟಲು ಹರ್ಕೊಂಡ್ರೂ ಮಾತು ಕೇಳಿಸಲ್ಲ. ನೀನು ಯಾಕೆ ಬಂದಿದ್ದೀಯ ಅಂತ ನನಗೆ ಗೊತ್ತಿಲ್ಲ ಅಂದ್ಕೋಬೇಡ. ಕೈಯಲ್ಲಿ ಲಕೋಟೆ ಇದೆ. ಮುಖ ಒಣಗಿದೆ. ಯಜಮಾನ್ರ ಪರವಾಗಿ ಬಂದಿದ್ದೀಯ. ನಿಮ್ಮ ಯಜಮಾನ್ರು, ಅಂದ್ರೆ ನನ್ನ ಷಡ್ಡಕರು, ಅಂದ್ರೆ ಈ ಪ್ರೆಸ್ಸಿನ ಉತ್ಪಾದನಾ ಮುಖ್ಯಸ್ಥರು... ಸೋಮವಾರ ಬೆಳಿಗ್ಗೆ ಹತ್ತು ಗಂಟೆವರೆಗೆ. ಹತ್ತೂಕಾಲಿಗೆ ಏನಾಗಿರ್ತಾರೋ ಅದನ್ನ ಮಾಲೀಕ್ರು ಹೇಳ್ತಾರೆ.

ಇಲ್ಲ, ನಾನು ಸಂತೋಷಪಡ್ತಿಲ್ಲ. ನನ್ನ ಮುಖವೇ ಹೀಗೆ.

ಮೊದಲು ವಿಷಯ ಅರ್ಥ ಮಾಡ್ಕೋ, ಲಕೋಟೆ ಆಮೇಲೆ. ನೀನು ಹೊಲಿಗೆಯವಳು, ನಿನಗೆ ಬೇಗ ತಿಳಿಯುತ್ತೆ. ನಿನ್ನ ಅಂಗಡೀಲಿ ದಾರದ ರೀಲು ಜೋಡಿಸಿಟ್ಟಿದ್ದೀಯಲ್ಲ, ಅದರಲ್ಲಿ ಬೂದು ಎಷ್ಟಿವೆ? ಆರು? ಏಳು? ಯಾರೋ ಬೂದು ಬಟ್ಟೆ ತಂದ್ರೆ ಆ ಏಳರಲ್ಲಿ ಹತ್ತಿರದ್ದು ಹುಡುಕಿ ಹೊಲೀತೀಯ. ಹತ್ತಿರದ್ದು. ಅದೇ ಅಲ್ಲ. ಈಗ ನಿನ್ನ ಹತ್ತಿರ ಕಪ್ಪಿಂದ ಬಿಳಿವರೆಗೆ ಇನ್ನೂರ ಐವತ್ತಾರು ರೀಲು ಇವೆ ಅನ್ಕೋ. ಅದು ಎಂಟು ಬಿಟ್. ಕಂಪ್ಯೂಟರು ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ ಇಟ್ಕೊಂಡಿರೋ ರೀಲುಗಳ ಲೆಕ್ಕ. ಕೆಂಪಿಗೆ ಇನ್ನೂರ ಐವತ್ತಾರು, ಹಸಿರಿಗೆ ಅಷ್ಟು, ನೀಲಿಗೆ ಅಷ್ಟು. ಸಾಕಾಯ್ತಲ್ಲ ಅನ್ಸುತ್ತೆ, ಅಲ್ವಾ? ನಿನ್ನ ಗಂಡನಿಗೂ ಹಾಗೇ ಅನ್ಸಿತ್ತು. ಹದಿನಾರು ಬಿಟ್ ಅಂದ್ರೆ ಎಷ್ಟು ರೀಲು ಹೇಳು ನೋಡೋಣ. ಎಂಟರ ಎರಡರಷ್ಟಲ್ಲ, ಎಲ್ಲರೂ ಎಡವೋದು ಅಲ್ಲೇ. ಅರವತ್ತೈದು ಸಾವಿರದ ಐನೂರ ಮೂವತ್ತಾರು. ಒಂದೊಂದು ಬಣ್ಣಕ್ಕೆ.

ಯಾಕೆ ಬೇಕು ಅಂತ ಕೇಳ್ತಿದ್ದೀಯ, ಕಣ್ಣಲ್ಲೇ. ಹೇಳ್ತೀನಿ. ಚಿತ್ರ ಬಂದ ಹಾಗೇ ಅಚ್ಚಿಗೆ ಹೋಗಲ್ಲ. ಮಂಕಾಗಿದ್ರೆ ಬೆಳಗಿಸ್ತೀವಿ, ಸಪ್ಪಗಿದ್ರೆ ಗಾಢ ಮಾಡ್ತೀವಿ. ಅಂದ್ರೆ ಎಳೀತೀವಿ. ತೆಳು ನೇಯ್ಗೆ ಬಟ್ಟೆ ಎಳೆದ್ರೆ ಏನಾಗುತ್ತೆ? ಸಂದು ಬಿಡುತ್ತೆ. ಎಂಟು ಬಿಟ್ ತೆಳು ಬಟ್ಟೆ. ನೂರಾ ನಲವತ್ತೇಳು ಹೋಗಿದ್ದು ಹಾಗೇ. ಒಂದು ಸೋಪಿನ ಪೊಟ್ಟಣದ ಚಿತ್ರ, ಚೂರು ಬೆಳಗು ಮಾಡಿದೆ, ಅಷ್ಟೇ. ಸೋಪಿನ ಪೊಟ್ಟಣದಲ್ಲಿ ಒಂದು ಬೂದು ಸತ್ತರೆ ಅಳೋರು ಯಾರು? ಯಾರೂ ಇಲ್ಲ. ಆದ್ರೆ ಆಕಾಶದಲ್ಲಿ ಸತ್ತರೆ? ಮೇಲೆ ಕಡು ನೀಲಿ, ಕೆಳಗೆ ಬರ್ತಾ ಬರ್ತಾ ತಿಳಿ, ಎಲ್ಲೂ ಗೆರೆ ಇಲ್ಲದ ಹಾಗೆ ಜಾರಬೇಕು. ರೀಲು ಸಾಲದೆ ಬಂದ್ರೆ ಜಾರಲ್ಲ, ಮೆಟ್ಟಿಲು ಇಳಿಯುತ್ತೆ. ಒಂದು ಪಟ್ಟೆ, ಇನ್ನೊಂದು ಪಟ್ಟೆ, ಮತ್ತೊಂದು ಪಟ್ಟೆ.

ಇದನ್ನ ನಾನು ಈ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಹೇಳಿದ್ದೀನಿ. ಫೋಟೋ ತೆಗೆದಲ್ಲಿಂದ ಅಚ್ಚಿನ ಯಂತ್ರದ ಬಾಯಿವರೆಗೆ ಹದಿನಾರೇ ಇರಲಿ ಅಂತ. ನಿನ್ನ ಗಂಡ ಏನಂದ? ತಿದ್ದೋವಾಗ ಹದಿನಾರು ಇಟ್ಕೊಳ್ಳಿ, ಮುಗಿದ ಮೇಲೆ ಎಂಟು ಮಾಡಿ ಕಳಿಸಿ, ಶಾಯಿಗೂ ಕಾಗದಕ್ಕೂ ಅದಕ್ಕಿಂತ ಹೆಚ್ಚು ಗೊತ್ತಾಗಲ್ಲ, ಮನುಷ್ಯನ ಕಣ್ಣಿಗಂತೂ ಗೊತ್ತೇ ಆಗಲ್ಲ, ಸುಮ್ಮನೆ ಫೈಲು ದಪ್ಪ ಆಗುತ್ತೆ ಅಂತ. ಹೇಳೋದು ಎಷ್ಟು ನಯವಾಗಿ ಅಂತೀಯ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಅವನಿಗೆ ಈ ಕೆಲಸ ಕಲಿಸಿದವನು ಯಾರು? ಕೇಳಿದ್ದೀಯಾ ಯಾವತ್ತಾದ್ರೂ? ಆಗಿನ ನನ್ನ ಕೋಣೇಲಿ, ಇದೇ ಕುರ್ಚಿಯ ಪಕ್ಕ ಸ್ಟೂಲು ಹಾಕ್ಕೊಂಡು ಕೂತಿರ್ತಿದ್ದ, ಎರಡು ವರ್ಷ. ಮೌಸ್ ಹೇಗೆ ಹಿಡಿಯೋದು ಅಂತಲೂ ಗೊತ್ತಿರಲಿಲ್ಲ. ಒಳ್ಳೆ ಹುಡುಗ, ತಂಗಿಗೆ ನೋಡಬಹುದು ಅಂತ ನಿನ್ನ ಅಕ್ಕನ ಕಿವಿಗೆ ಹಾಕಿದವನೂ ನಾನೇ. ನಾನೇ ತಂದ ಸಂಬಂಧ. ಗುರುವಿಗೇ ತಿರುಮಂತ್ರ ಹಾಕ್ತಾನೆ ಅಂತ ಜಾತಕದಲ್ಲಿ ಬರೆದಿರಲ್ಲ, ನೋಡು.

ಆವತ್ತಿನದು ನಿನಗೆ ನೆನಪಿದೆ. ಇಲ್ಲ ಅನ್ನಬೇಡ, ನೀನೂ ಇದ್ದೆ. ಆರು ವರ್ಷದ ಹಿಂದೆ, ಪ್ರೆಸ್ಸಿನ ವಾರ್ಷಿಕೋತ್ಸವದ ದಿನ, ಮನೆಯವರನ್ನೆಲ್ಲ ಕರೆದಿದ್ರು. ಬೈಂಡಿಂಗ್ ಹಾಲ್‌ನಲ್ಲಿ ಎಲ್ಲರೂ ಚಹಾ ಲೋಟ ಹಿಡ್ಕೊಂಡು ನಿಂತಿದ್ರು. ನಿನ್ನ ಗಂಡ ಎರಡು ಚಿತ್ರ ತಂದು ಪಕ್ಕಪಕ್ಕ ಇಟ್ಟ. ಒಂದೇ ಚಿತ್ರ, ಒಂದು ಎಂಟರಲ್ಲಿ ಅಚ್ಚಾದದ್ದು, ಒಂದು ಹದಿನಾರರಲ್ಲಿ. ಅಣ್ಣಾ, ನೀವೇ ಹೇಳಿ, ಯಾವುದು ಯಾವುದು ಅಂತ. ನಾನು ಕುರ್ಚಿ ತರಿಸ್ಕೊಂಡೆ. ಕನ್ನಡಕ ಒರೆಸ್ಕೊಂಡೆ. ಭೂತಗನ್ನಡಿ ಇಟ್ಟು ಒಂಬತ್ತು ನಿಮಿಷ ನೋಡಿದೆ. ಆಮೇಲೆ ಎಡಗಡೆದು ಹದಿನಾರು ಅಂದೆ. ನಿನ್ನ ಗಂಡ ಅದನ್ನ ತಿರುಗಿಸಿದ. ಹಿಂದೆ ಪೆನ್ಸಿಲ್ಲಲ್ಲಿ ಎಂಟು ಅಂತ ಬರೆದಿತ್ತು.

ಆ ಹಾಲ್‌ನಲ್ಲಿ ಬೆಳಕು ಸರಿಯಿರಲಿಲ್ಲ. ಟ್ಯೂಬ್‌ಲೈಟು ಮಿಣುಕ್ತಿತ್ತು.

...ಹಾಗೆ ನೋಡಬೇಡ. ಸರಿ. ಬಣ್ಣ ನೋಡೋ ದೀಪದ ಪೆಟ್ಟಿಗೆಯಲ್ಲೇ ಇಟ್ಟಿದ್ದ, ಬೆಳಕು ಸರಿಯಾಗೇ ಇತ್ತು. ಆದ್ರೂ.

ಎಲ್ಲರೂ ನಕ್ಕರು. ನೀನು ನಗಲಿಲ್ಲ, ಅದನ್ನ ನಾನು ಮರೆತಿಲ್ಲ. ನಿನ್ನ ಮಗಳು ನಕ್ಕಳು, ಅವಳಿಗೆ ಆಗ ಐದು ವರ್ಷ, ಅವಳ ಮೇಲೆ ಕೋಪವಿಲ್ಲ. ಆವತ್ತಿಂದ ನಾನು ಹದಿನಾರು. ಗೇಟಿನವನು ಹದಿನಾರು ಬಂದ್ರು ಅಂತಾನೆ. ಕಾಗದ ಕತ್ತರಿಸೋನು, ಹದಿನಾರಣ್ಣ ಕತ್ತರಿ ಕೊಡಿ ಅಂತಾನೆ. ನಿನ್ನ ಮಗಳು ನಮ್ಮ ಮನೆಗೆ ಬಂದಾಗ ಹದಿನಾರು ದೊಡ್ಡಪ್ಪಾ ಅಂತ ಕೂಗ್ತಾಳೆ, ನಿನ್ನ ಅಕ್ಕ ಒಳಗಿಂದ ನಗ್ತಾಳೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ನಂದು ಅಡಿಕೆಗೂ ಅಲ್ಲ, ಒಂದು ಪೆನ್ಸಿಲ್ ಗೀಟಿಗೆ ಹೋಯ್ತು.

ಅದೂ ಹೋಗಲಿ. ನಿನ್ನ ಗಂಡ ನಕ್ಕಿದ್ರೆ ಮರೆತುಬಿಡ್ತಿದ್ದೆ. ಅವನು ನಗಲಿಲ್ಲ. ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟ. "ಬಿಡಿ ಅಣ್ಣ, ಕಣ್ಣಿಗೂ ವಯಸ್ಸಾಗುತ್ತೆ." ಮೆತ್ತಗೆ ಹೇಳಿದ, ಯಾರಿಗೂ ಕೇಳಿಸದ ಹಾಗೆ. ಬೈದಿದ್ರೆ ಬೈಗುಳ. ಅದು ಬೈಗುಳವೂ ಅಲ್ಲ. ಆರು ವರ್ಷ ಆ ಕೈ ಈ ಹೆಗಲ ಮೇಲೇ ಇತ್ತು ಕಣಮ್ಮ. ಸ್ನಾನ ಮಾಡುವಾಗಲೂ ಇರ್ತಿತ್ತು.

ಮುಂದಿನ ತಿಂಗಳು ಮಾಲೀಕ್ರು ಅವನನ್ನ ಮುಖ್ಯಸ್ಥ ಮಾಡಿದ್ರು, ಗಾಜಿನ ಕೋಣೆ ಕೊಟ್ರು. ನನ್ನನ್ನ ಕತ್ತರಿ ಯಂತ್ರದ ನೆತ್ತಿ ಮೇಲೆ, ಈ ಕೋಣೆಗೆ ತಂದು ಕೂರಿಸಿದ್ರು. ಅವನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮೆಟ್ಟಿಲ ಹತ್ತಿರ ಸೂಚನೆ ಹಾಕಿದ. "ಅಚ್ಚಿಗೆ ಹೋಗುವ ಎಲ್ಲ ಫೈಲುಗಳಿಗೆ ಎಂಟು ಬಿಟ್ ಸಾಕು." ಕೆಳಗೆ ಸಹಿ. ಮೇಲೆ ಪ್ಲಾಸ್ಟಿಕ್ ಹೊದಿಸಿದ, ಬಾಳಿಕೆ ಬರಲಿ ಅಂತ. ಬಂತು. ಚೆನ್ನಾಗೇ ಬಾಳಿಕೆ ಬಂತು. ಹೋದ ವಾರ ಮಾಲೀಕ್ರು ಅದನ್ನ ಗೋಡೆಯಿಂದ ಕಿತ್ತು, ಸಹಿ ಮೇಲೆ ಬೆರಳಿಟ್ಟು, ಇದು ಯಾರದು ಅಂತ ಕೇಳೋವರೆಗೂ ಒಂದು ಮೂಲೆ ಸಹ ಎದ್ದಿರಲಿಲ್ಲ.

ಕಣ್ಣಾಸ್ಪತ್ರೆ ಕೆಲಸ ಬಂದದ್ದು ಎರಡು ತಿಂಗಳ ಹಿಂದೆ. ನೀನು ಕೇಳಿರ್ತೀಯ. ಹೊಸ ಕಾಯುವ ಕೋಣೆ, ನಲವತ್ತಡಿ ಉದ್ದ, ಹನ್ನೆರಡಡಿ ಎತ್ತರದ ಗೋಡೆ. ಇಡೀ ಗೋಡೆಗೆ ಒಂದೇ ಚಿತ್ರ. ಬೆಳಗಿನ ಜಾವದ ಕೆರೆ. ಕೆರೆ ಅನ್ನೋದು ಹೆಸರಿಗೆ, ನೂರಕ್ಕೆ ಎಂಬತ್ತು ಪಾಲು ಆಕಾಶ. ನನ್ನ ಕೈಗೆ ಬಂದಾಗ... ಏನು ಹೇಳಲಿ. ಎಷ್ಟು ವರ್ಷ ಕಾದಿದ್ದೆ ಅಂಥದೊಂದು ಆಕಾಶಕ್ಕೆ. ನಿಯಮದ ಪ್ರಕಾರ ಎಂಟು ಬಿಟ್ ಮಾಡಿದೆ. ನೋಡು, ನಾನು ನಿಯಮ ಮೀರಿದವನಲ್ಲ. ಮಾದರಿ ಹಾಳೆ ತೆಗೆದೆ, ಮೇಜಿನಷ್ಟು ಅಗಲದ್ದು. ನಿನ್ನ ಗಂಡ ಗಾಜಿನ ಕೋಣೆಯಲ್ಲಿ ಹತ್ತು ನಿಮಿಷ ನೋಡಿ, ಚೆನ್ನಾಗಿದೆ ಅಣ್ಣ ಅಂತ ಸಹಿ ಹಾಕಿದ. ಅದರಲ್ಲಿ ಪಟ್ಟೆ ಇರಲಿಲ್ಲ. ಚಿಕ್ಕ ಹಾಳೆಯಲ್ಲಿ ಕಾಣಲ್ಲ, ಗೋಡೆಯಷ್ಟು ದೊಡ್ಡದಾದ್ರೆ ಕಾಣುತ್ತೆ. ಅದೇ ಎಂಟು ಬಿಟ್ಟಿನ ಗುಣ. ಮಾಲೀಕ್ರಿಗೂ ಹಾಗೇ ಹೇಳಿದೆ. ಹನ್ನೊಂದು ಉದ್ದುದ್ದ ಹಾಳೆಯಾಗಿ ಅಚ್ಚಾಯ್ತು, ಬಿಡಿಬಿಡಿಯಾಗಿ ಸುರುಳಿ ಸುತ್ತಿ ಹೋಯ್ತು, ಆಸ್ಪತ್ರೆಯವರ ಗೋಡೆ ಮೇಲೆ ಕೂಡಿಕೊಂಡಿತು.

ಆಮೇಲೆ ನಡೆದದ್ದು ನನಗೆ ಅಂಟಿಸೋಕೆ ಹೋದವರು ಹೇಳಿದ್ದು. ನಾನು ಸೇರಿಸ್ತಿಲ್ಲ. ಮೊದಲ ದಿನ ಹೆಂಡತಿಗೆ ಕನ್ನಡಕ ಕೊಡಿಸೋಕೆ ಬಂದ ಒಬ್ಬ ಮುದುಕರು ಗೋಡೆ ಎದುರು ಕೂತಿದ್ರಂತೆ. ಅರ್ಧ ಗಂಟೆ ಆದ ಮೇಲೆ ಎದ್ದು ಹೋಗಿ, ನನಗೂ ಒಂದು ಚೀಟಿ ಬರೆದುಬಿಡಿ, ಆಕಾಶದಲ್ಲಿ ಮೆಟ್ಟಿಲು ಕಾಣ್ತಿದೆ ಅಂದ್ರಂತೆ. ಸಂಜೆ ಹೊತ್ತಿಗೆ ಜೊತೆಗೆ ಬಂದವರೇ ಹದಿನಾಲ್ಕು ಜನ ಸಾಲಲ್ಲಿ ನಿಂತಿದ್ರು. ದೊಡ್ಡ ಡಾಕ್ಟ್ರು ಕೆಳಗೆ ಬಂದು ನೋಡಿದ್ರು. ಏನೂ ಮಾತಾಡದೆ ಒಳಗೆ ಹೋಗಿ, ಕಿರಿಯ ಡಾಕ್ಟ್ರ ಕೈಲಿ ಮೊದಲು ತಮ್ಮ ಕಣ್ಣು ಪರೀಕ್ಷೆ ಮಾಡಿಸ್ಕೊಂಡ್ರಂತೆ. ಕಣ್ಣು ಸರಿಯಾಗಿದೆ ಅಂತ ಖಾತ್ರಿ ಆದ ಮೇಲೆ ಪ್ರೆಸ್ಸಿಗೆ ಫೋನು.

ಈಗ ನಗಬಹುದು ನೀನು. ಇದು ನಗೋ ವಿಷಯ.

...ಬೇಡವಾ. ಸರಿ.

ಮಾಲೀಕ್ರು ನನ್ನನ್ನ ಮನೆಗೆ ಕರೆಸಿದ್ರು. ಮನೆಗೆ! ಸೋಫಾ ಮೇಲೆ ಕೂರಿಸಿದ್ರು. ಇಪ್ಪತ್ತು ವರ್ಷದಿಂದ ನೀವು ಹೇಳ್ತಾನೇ ಇದ್ರಿ, ನಾವೇ ಕಿವಿಗೆ ಹಾಕ್ಕೊಳ್ಳಲಿಲ್ಲ ಅಂದ್ರು. ಸೋಮವಾರದಿಂದ ಗಾಜಿನ ಕೋಣೆಯಲ್ಲಿ ನೀವೇ ಕೂತ್ಕೊಳ್ಳಿ ಅಂದ್ರು. ನಾನು ಏನಂದೆ ಗೊತ್ತಾ? ಯೋಚನೆ ಮಾಡ್ತೀನಿ ಅಂದೆ. ಆ ಎರಡು ಪದ ಹೇಳೋಕೆ ಆರು ವರ್ಷ ಅಭ್ಯಾಸ ಮಾಡಿದ್ದೆ.

ಹೇಳು ನೋಡೋಣ, ಮನೇಲಿ ಏನು ಮಾಡ್ತಿದ್ದಾನೆ? ಊಟ ಬಿಟ್ಟಿದ್ದಾನೆ ಅಂತ ನಿನ್ನ ಅಕ್ಕ ಅಂದ್ಲು. ಕಣ್ಣಿನ ಡಾಕ್ಟ್ರ ಹತ್ತಿರ ಹೋಗಿದ್ದನಂತೆ, ನಿಜವಾ? ಅವರು ಏನೂ ತೊಂದರೆ ಇಲ್ಲ ಅಂದ್ರೂ ನಂಬಲಿಲ್ಲವಂತೆ. ಹಾಲ್‌ನಲ್ಲಿ ಕೂತ್ಕೊಂಡು ಗೋಡೆ ಮೇಲೆ ಬೀಳೋ ಬೆಳಕು ಎಲ್ಲಿಂದ ಎಲ್ಲಿಗೆ ಮಾಸುತ್ತೆ ಅಂತ ನೋಡ್ತಿರ್ತಾನಂತೆ, ಗಂಟೆಗಟ್ಟಲೆ. ಮಗಳನ್ನ ಕರೆದು, ಇಲ್ಲಿ ಗೆರೆ ಕಾಣುತ್ತಾ ನಿನಗೆ, ಇಲ್ಲಿ ಕಾಣುತ್ತಾ ಅಂತ ಕೇಳ್ತಾನಂತೆ. ಕೇಳಲಿ. ಕಣ್ಣಿಗೂ ವಯಸ್ಸಾಗುತ್ತೆ, ಹೇಳು ಅವನಿಗೆ. ನಾನು ಹೇಳಿದೆ ಅಂತ ಹೇಳು. ಮೆತ್ತಗೆ ಹೇಳು.

ಕೊಡು ಈಗ ಆ ಲಕೋಟೆ.

ಅವನದೇ ಅಕ್ಷರ. ಎರಡು ವರ್ಷ ನನ್ನ ಪಕ್ಕ ಕೂತು ಬರ್ಕೊಳ್ತಿದ್ದ ಅಕ್ಷರವೇ. ಮಾಲೀಕ್ರಿಗೆ ಬರೆದಿದ್ದಾನೆ... ರಾಜೀನಾಮೆ. ಸೋಮವಾರ ಅವರಾಗಿ ಕಳಿಸೋ ಮೊದಲೇ ತಾನಾಗಿ. ನನಗೆ ತೋರಿಸಿ ಕೊಡು ಅಂದನಾ? ತೋರಿಸು ಅಂತ ಅವನು ಹೇಳಿದ್ದಾ, ನೀನಾಗಿ ತಂದದ್ದಾ? ಇರಲಿ. ಓದ್ತೀನಿ ತಾಳು. "ಆಸ್ಪತ್ರೆಯ ಚಿತ್ರ ಕೆಟ್ಟದ್ದಕ್ಕೆ ನನ್ನ ಹಟವೇ ಕಾರಣ. ನಮ್ಮ ಅಣ್ಣ ಹಲವು ವರ್ಷಗಳಿಂದ ಹೇಳುತ್ತಿದ್ದುದೇ ಸರಿ. ನಾನು ಎಲ್ಲರೆದುರು ಅವರನ್ನು ಹಗುರ ಮಾಡಿದೆ. ಮಾದರಿ ಹಾಳೆಯಲ್ಲಿ ಪಟ್ಟೆ ನನ್ನ ಕಣ್ಣಿಗೆ ಬೀಳಲಿಲ್ಲವೆಂದರೆ ಈ ಕೆಲಸಕ್ಕೆ ನಾನು ಯೋಗ್ಯನಲ್ಲ."

ನಮ್ಮ ಅಣ್ಣ ಅಂತ ಬರೆದಿದ್ದಾನೆ, ಹದಿನಾರು ಅಂತ ಬರೆದಿಲ್ಲ.

ಇನ್ನೊಂದು ಸಲ ಓದ್ತೀನಿ. "ನಮ್ಮ ಅಣ್ಣ ಹಲವು ವರ್ಷಗಳಿಂದ ಹೇಳುತ್ತಿದ್ದುದೇ ಸರಿ." ಇದನ್ನ ನಾನು ಇಟ್ಕೊಳ್ಳಬಹುದಾ? ಮಾಲೀಕ್ರಿಗೆ ಬೇರೆ ಬರೆದುಕೊಡಲಿ. ಇಲ್ಲ, ನಕಲು ತೆಗೆದ್ಕೊಳ್ತೀನಿ, ಯಂತ್ರ ಅಲ್ಲೇ ಇದೆ. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಹೇಳಿಲ್ಲ ಹಿಂದಿನವರು. ನೀನು ಏನಾದ್ರೂ ಅನ್ನು. ಅಳಬೇಕಾದ್ರೆ ಅಳು. ಭಾವ, ಮಾಲೀಕ್ರಿಗೆ ಒಂದು ಮಾತು ಹೇಳಿ, ಅವರನ್ನ ಉಳಿಸಿ ಅನ್ನು. ಅನ್ನೋಕೇ ಬಂದದ್ದಲ್ವಾ? ನೀನು ಕೇಳಿದ್ರೆ ನಾನು ಇಲ್ಲ ಅನ್ನಲ್ಲ. ಕೇಳು, ಸಾಕು. ಒಂದು ಸಲ ಬಾಯಿ ಬಿಟ್ಟು ಕೇಳು.

ಏನದು, ಫೋನು ಯಾಕೆ? ಓ, ಅಲ್ಲಿಗೆ ಹೋಗಿದ್ದೆಯಾ? ಗೋಡೆ ಫೋಟೋ ತೆಗೆದಿದ್ದೀಯ. ಚೆನ್ನಾಗಿ ಬಂದಿದೆ. ಇದೇ ನೋಡು ನಾನು ಹೇಳಿದ್ದು, ಇಲ್ಲಿಂದ ಇಲ್ಲಿಗೆ ಒಂದು ಪಟ್ಟೆ, ಇದೊಂದು, ಇದೊಂದು. ಎಷ್ಟು ನೇರವಾಗಿವೆ ನೋಡು. ಎಂಟು ಬಿಟ್ ಆಕಾಶ ಅಂದ್ರೆ... ಯಾಕೆ ಕೆಳಗೆ ಹೋಗ್ತಿದ್ದೀಯ? ಅಲ್ಲೇನಿಲ್ಲ. ಅದು ದಂಡೆ. ದಂಡೆಗೆ ಯಾರೋ ಸೈಕಲ್ಲು ಒರಗಿಸಿದ್ದಾರೆ, ಅಷ್ಟೇ. ಅದನ್ನ ಯಾಕೆ ದೊಡ್ಡದು ಮಾಡ್ತೀಯ?

ಅದು ಸೈಕಲ್ಲಿನ ಚೌಕಟ್ಟು. ಮೂರು ಕೊಳವೆ ಸೇರೋ ಜಾಗ. ಒಳಗೆ ಕಾಣ್ತಿರೋದು ಆಕಾಶವೇ, ಇನ್ನೇನು. ಹಿಂದೆ ಇರೋ ಆಕಾಶ.

ಹೌದು, ಒಳಗೆ ಪಟ್ಟೆ ಇಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಕಾಣಲ್ಲ. ಬೆರಳಗಲ ಜಾಗ.

ಟೇಪು ಯಾಕೆ ತೆಗೀತಿದ್ದೀಯ? ಹೊಲಿಗೆ ಟೇಪು ತಗೊಂಡು ಆಸ್ಪತ್ರೆಗೆ ಹೋಗಿದ್ದೆಯಾ ನೀನು? ಅಷ್ಟು ಜನರ ಎದುರು ಗೋಡೆ ಅಳೆದೆಯಾ? ...ಮೂರಡಿ ಎರಡಿಂಚು. ತ್ರಿಕೋನದ ಎತ್ತರ. ಸರಿ, ಗೋಡೆ ಮೇಲೆ ಬೆರಳಗಲ ಅಲ್ಲ, ಒಪ್ತೀನಿ. ಪಟ್ಟೆ ಒಂದೊಂದೂ ಒಂಬತ್ತಿಂಚು. ಎಲ್ಲಾನೂ ಬರ್ಕೊಂಡಿದ್ದೀಯ. ಹಾಗಾದ್ರೆ ಆ ಜಾಗದಲ್ಲಿ ನಾಲ್ಕು ಪಟ್ಟೆ ಹಾಯಬೇಕಿತ್ತು ಅಂತ ನಿನ್ನ ಲೆಕ್ಕ. ಪಟ್ಟೆ ಬಟ್ಟೆಯಲ್ಲಿ ಜೇಬು ಕತ್ತರಿಸಿದ್ರೆ ಜೇಬಲ್ಲೂ ಪಟ್ಟೆ ಇರಬೇಕು ಅಂತ. ನೋಡಮ್ಮ, ಚಿತ್ರ ಬಟ್ಟೆ ಅಲ್ಲ. ಇದು ಬೇರೆ ಶಾಸ್ತ್ರ. ಸೈಕಲ್ಲಿನ ಒಳಗಿರೋ ಆಕಾಶಕ್ಕೆ ಬೇರೆ... ಅಲ್ಲಿ ಬೆಳಕು...

ಚಕ್ರ ಯಾಕೆ ತೋರಿಸ್ತೀಯ. ಕಡ್ಡಿ ಕಡ್ಡಿ ನಡುವೆ ನಾನೂ ನೋಡ್ತಿದ್ದೀನಿ. ಎಲ್ಲಾ ಸಾಫು.

ಇದನ್ನ ಅವನಿಗೆ ತೋರಿಸಿದೆಯಾ? ಇಲ್ಲವಾ. ಮಾಲೀಕ್ರಿಗೆ? ಯಾಕೆ ಇಲ್ಲ? ನೇರ ಅಲ್ಲಿಗೇ ಹೋಗಬಹುದಿತ್ತಲ್ಲ. ಇಲ್ಲಿಗೆ ಯಾಕೆ ಬಂದೆ?

ಏನಾದ್ರೂ ಮಾತಾಡು.

ನೀನು ಸುಮ್ಮನಿದ್ರೆ ನಾನು ಹೆಗಲು ಮುಟ್ಟಿ ನೋಡ್ಕೊಳ್ತೀನಿ ಅಂದ್ಕೊಂಡಿದ್ದೀಯ.

...

ಆಕಾಶ ಒಡೀಲಿಲ್ಲ ಕಣಮ್ಮ. ಹನ್ನೊಂದು ಸಲ ನೋಡಿದೆ. ಸಹಿ ಆದ ಮೇಲೆ, ದೊಡ್ಡ ಯಂತ್ರದಲ್ಲಿ ಆಕಾಶದ ಒಂದೊಂದು ತುಂಡು ತೆಗೆದು, ಗೋಡೆಗೆ ಅಂಟಿಸಿ, ಹತ್ತಿರದಿಂದ, ದೂರದಿಂದ, ಭೂತಗನ್ನಡಿ ಇಟ್ಟು. ತಾನಾಗಿ ಒಡೀಲಿ ಅಂತ ಬೆಳಗು ಮಾಡಿದೆ, ಕಪ್ಪು ಮಾಡಿದೆ, ಮತ್ತೆ ಬೆಳಗು ಮಾಡಿದೆ. ಪರದೆ ಮೇಲೆ ಲೆಕ್ಕ ಹಾಕಿದ್ರೆ ರೀಲುಗಳು ಸತ್ತಿವೆ, ನೂರಾರು ಸತ್ತಿವೆ. ಕಾಗದದ ಮೇಲೆ ಆಕಾಶ ಜಾರ್ತಾನೇ ಇದೆ. ಫೋಟೋದಲ್ಲಿ ಕ್ಯಾಮೆರಾ ಬಿಡೋ ಸಣ್ಣ ಚುಕ್ಕೆಗಳ ಮರಳುಮರಳು ಇರುತ್ತಲ್ಲ, ಅದು ಸಂದುಗಳನ್ನ ಮುಚ್ಚಿಕೊಳ್ತಿತ್ತು. ಉಳಿದದ್ದನ್ನ ಶಾಯಿ ಚುಕ್ಕೆ ಮುಚ್ಚಿಕೊಳ್ತಿತ್ತು. ಇಪ್ಪತ್ತು ವರ್ಷ ನಾನು ಹೇಳಿದ್ದು... ಪರದೆ ಮೇಲೆ ನಿಜ. ತಿದ್ದೋವಾಗ ನಿಜ. ಗೋಡೆ ಮೇಲೆ ಅವನು ಹೇಳಿದ್ದು.

ಹನ್ನೊಂದನೇದು ಹರಿದು ಹಾಕಿದ ಮೇಲೆ ಪಟ್ಟೆಗಳನ್ನ ನಾನೇ ಹಾಕಿದೆ. ಏನೂ ಕಷ್ಟವಿಲ್ಲ. ಇಷ್ಟೇ ಬಣ್ಣ ಉಳಿಸು, ಮಿಕ್ಕಿದ್ದು ತೆಗಿ ಅಂದ್ರೆ ಯಂತ್ರ ತಾನೇ ಮೆಟ್ಟಿಲು ಕಡಿದುಕೊಡುತ್ತೆ. ಕೆರೆ ಕೆಡಬಾರದು, ಆಕಾಶಕ್ಕೆ ಮಾತ್ರ ಆಗಬೇಕು, ಅದಕ್ಕೆ ಮೌಸಿನಿಂದ ಆಕಾಶದ ಮೇಲೆ ಒತ್ತಿ ಆರಿಸಿದೆ. ಒತ್ತಿದ್ರೆ ಒಂದಕ್ಕೊಂದು ಅಂಟಿಕೊಂಡಿರೋ ಆಕಾಶ ಎಲ್ಲಾ ಬರುತ್ತೆ. ಸುತ್ತ ಬೇಲಿ ಹಾಕಿದ ಹಾಗೆ ಒಳಗೆ ಸಿಕ್ಕಿಹಾಕ್ಕೊಂಡಿರೋ ತುಂಡು ಬರಲ್ಲ. ಅದನ್ನ ಬೇರೆ ಒತ್ತಬೇಕು. ನನ್ನ ಹತ್ತಿರ ಕಲಿಯೋಕೆ ಬಂದವರಿಗೆಲ್ಲ ನಾನು ಮೊದಲ ದಿನ ಹೇಳೋ ಪಾಠ ಅದು: ಚಹಾ ಕಪ್ಪಿನ ಚಿತ್ರ ಆರಿಸುವಾಗ ಹಿಡಿಯೊಳಗಿನ ಸಂದು ಮರೀಬೇಡಿ. ಅವನಿಗೂ ಹೇಳಿದ್ದೆ. ಎರಡು ಸಲ ಮರೆತಿದ್ದ, ಎರಡು ಸಲವೂ ಗದರಿದ್ದೆ. ಮೂರನೇ ಸಲ ಮರೀಲಿಲ್ಲ. ಅವನು ಆ ಗೋಡೆ ಹತ್ತಿರ ಹೋಗಿ ಒಂದು ನಿಮಿಷ ನೋಡಿದ್ರೆ ಸಾಕಿತ್ತು, ಸೈಕಲ್ಲು ಕಂಡ ಕೂಡಲೇ ನಕ್ಕುಬಿಡ್ತಿದ್ದ. ನೋಡಲಿಲ್ಲ. ತಲೆ ತಗ್ಗಿಸ್ಕೊಂಡು ಮನೆಗೆ ಹೋದ. ನಾನು ಹೇಳಿದ್ದು ಸರಿ ಅಂತ ನಂಬಿಬಿಟ್ಟ.

ಅವನು ನಂಬ್ತಾನೆ ಅಂತ ನಾನು ಎಣಿಸಿರಲಿಲ್ಲ. ಜಗಳ ಆಡ್ತಾನೆ ಅಂದ್ಕೊಂಡಿದ್ದೆ.

ಏನು, ಅವನ ಕಾಗದ ಯಾಕೆ ತಿರುಗಿಸಿ ಇಟ್ಟೆ? ಹಿಂದೆ ಖಾಲಿ ಇದೆ, ಕಾಣುತ್ತೆ ನನಗೆ. ಪೆನ್ನು ಬೇಡ, ನನ್ನ ಹತ್ತಿರ ಇದೆ. ಕೋಟಿನ ಜೇಬಲ್ಲಿ.

ನಿನ್ನ ಅಕ್ಕನಿಗೆ ನಾನೇ ಹೇಳ್ತೀನಿ. ನೀನು ಹೇಳಬೇಡ. ಅಷ್ಟು ಮಾಡು.

ಯಂತ್ರ ಶುರು ಮಾಡಿದ್ರು. ಮೇಜು ನಡುಗ್ತಿದೆ, ಕಾಗದದ ಆ ಮೂಲೆ ಹಿಡ್ಕೋ. ಜೋರಾಗಿ ಓದ್ತಾ ಬರೀತೀನಿ, ತಪ್ಪಿದ್ರೆ ಕೈ ಮುಟ್ಟು.

ಮಾಲೀಕರಿಗೆ. ಆಸ್ಪತ್ರೆಯ ಚಿತ್ರದ ಎಂಟು ಬಿಟ್ ಫೈಲಿನಲ್ಲಿ ದೋಷವಿರಲಿಲ್ಲ. ಮಾದರಿ ಹಾಳೆಗೆ ಸಹಿಯಾದ ಮೇಲೆ ಆಕಾಶಕ್ಕೆ ಪಟ್ಟೆಗಳನ್ನು ನಾನು ಹಾಕಿದೆ. ಸಹಿ ಮಾಡಿದವರಿಗೆ ಅದು ಗೊತ್ತಿರಲಿಲ್ಲ. ಸಹಿಯಾದ ಮೂಲ ಫೈಲು ನನ್ನ ಕಂಪ್ಯೂಟರಿನಲ್ಲಿದೆ, ಅದನ್ನೇ ಅಚ್ಚು ಹಾಕಬಹುದು. ಸೋಮವಾರದಿಂದ ನಾನು ಕೆಲಸಕ್ಕೆ ಬರುವುದಿಲ್ಲ.